ಅಜೈಲ್ ತಂಡಗಳಲ್ಲಿ ಓವರ್‌ಟೈಮ್: ಪದೇ ಪದೇ ಕೇಳುವ ಪ್ರಶ್ನೆಗಳು

ಅಜೈಲ್ ಪದ್ಧತಿಯ, ಅಂದರೆ ಕೆಲಸವನ್ನು ಸಣ್ಣ ಸಣ್ಣ ಸುತ್ತುಗಳಲ್ಲಿ ಮುಗಿಸುತ್ತಾ ಹೋಗುವ, ಸಾಫ್ಟ್‌ವೇರ್ ತಂಡಗಳ ಜೊತೆ ಕೆಲಸ ಮಾಡುವಾಗ ಓವರ್‌ಟೈಮ್ ಬಗ್ಗೆ ಜನ ನನ್ನನ್ನು ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳಿವು. ಕೆಲವು ಊಟದ ಹೊತ್ತಿನ ಮಾತಿನಲ್ಲಿ ಬಂದವು, ಕೆಲವು ಪತ್ರಗಳಲ್ಲಿ ಬಂದವು. ಬೆಂಗಳೂರು, ಮೈಸೂರು, ಮಂಗಳೂರಿನವರು ಕೇಳಿದ್ದಾರೆ. ಕ್ಯಾಲಿಫೋರ್ನಿಯಾದಲ್ಲಿ ಕೂತು ಇಲ್ಲಿನ ತಂಡ ನಡೆಸುವ ಕನ್ನಡಿಗರೂ ಕೇಳಿದ್ದಾರೆ. ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ. ಹೊಸಬರು ಮೊದಲಿಂದ ಓದಿ. ತಂಡ ನಡೆಸುವವರು ಬೇಕಾದರೆ ನೇರವಾಗಿ ಕೊನೆಯ ಭಾಗಕ್ಕೆ ಹೋಗಬಹುದು.

## ಶುರುವಿನ ಪ್ರಶ್ನೆಗಳು

ಸಸ್ಟೇನಬಲ್ ಪೇಸ್ ಅಂದ್ರೆ ಏನು? ಆರಾಮಾಗಿ, ನಿಧಾನಕ್ಕೆ ಕೆಲಸ ಮಾಡೋದಾ?

ನಿಧಾನಕ್ಕೂ ಇದಕ್ಕೂ ಸಂಬಂಧ ಇಲ್ಲ. ಈ ವಾರ ಯಾವ ವೇಗದಲ್ಲಿ ಕೆಲಸ ಮಾಡುತ್ತಿದ್ದೀರೋ ಅದೇ ವೇಗದಲ್ಲಿ ಮುಂದಿನ ವರ್ಷ ಈ ಹೊತ್ತಿಗೂ ಮಾಡಲು ಆಗುತ್ತಾ? ಆಗುತ್ತೆ ಅಂತಾದರೆ ಅದು ಸಸ್ಟೇನಬಲ್ ಪೇಸ್.

2001ರ ಫೆಬ್ರವರಿಯಲ್ಲಿ ಅಮೆರಿಕದ ಯೂಟಾ ರಾಜ್ಯದ ಸ್ನೋಬರ್ಡ್‌ನಲ್ಲಿ 17 ಮಂದಿ ಸೇರಿ ಅಜೈಲ್ ಪ್ರಣಾಳಿಕೆ ಬರೆದರು. ಅದರ ಜೊತೆಗಿರುವ 12 ತತ್ವಗಳಲ್ಲಿ ಒಂದು ಇದೇ. ಹಣ ಹಾಕುವವರು, ಡೆವಲಪರ್‌ಗಳು, ಬಳಸುವವರು, ಎಲ್ಲರೂ ಒಂದೇ ಸಮನಾದ ವೇಗವನ್ನು ಎಷ್ಟು ಕಾಲ ಬೇಕಾದರೂ ಉಳಿಸಿಕೊಳ್ಳುವ ಹಾಗಿರಬೇಕು ಅಂತ ಅದು ಹೇಳುತ್ತದೆ. ಹಣ ಹಾಕುವವರನ್ನೂ ಅದರಲ್ಲಿ ಸೇರಿಸಿದ್ದಾರೆ, ನೋಡಿ. ಮುಂದಿನ ತಿಂಗಳು ಏನು ಕೈಗೆ ಬರುತ್ತೆ ಅಂತ ನಂಬಿ ಯೋಜನೆ ಹಾಕಬೇಕಾದವರು ಅವರೇ ಅಲ್ವಾ.

ಇನ್ನೊಂದು ಮಾತು. ಚೆನ್ನಾಗಿ ನಡೆಯುವ ತಂಡದಲ್ಲಿ 8 ಗಂಟೆ ಕೆಲಸ ಹಗುರ ಇರುವುದಿಲ್ಲ. ಇಬ್ಬರು ಕೂತು ಕೋಡ್ ಬರೆದು, ಟೆಸ್ಟ್ ಬರೆದು, ರಿವ್ಯೂ ಮಾಡಿ ಮುಗಿಸುವಷ್ಟರಲ್ಲಿ ತಲೆ ನಿಜವಾಗಿ ದಣಿದಿರುತ್ತದೆ.

ವಾರಕ್ಕೆ 40 ಗಂಟೆ ಅನ್ನೋ ರೂಲ್ ಎಲ್ಲಿಂದ ಬಂತು?

ಸಾಫ್ಟ್‌ವೇರ್ ಲೋಕಕ್ಕೆ ಇದನ್ನು ತಂದದ್ದು ಎಕ್ಸ್‌ಟ್ರೀಮ್ ಪ್ರೋಗ್ರಾಮಿಂಗ್ ಅನ್ನುವ ಅಜೈಲ್ ಪದ್ಧತಿ. ಅದನ್ನು ರೂಪಿಸಿದ ಕೆಂಟ್ ಬೆಕ್ 1996ರಲ್ಲಿ ಕ್ರೈಸ್ಲರ್ ಕಂಪನಿಯ ಸಂಬಳ ಲೆಕ್ಕದ ಪ್ರಾಜೆಕ್ಟ್‌ಗೆ ಬಂದರು. ಈ ಪದ್ಧತಿ ಅಲ್ಲಿ ರೂಪ ಪಡೆಯಿತು. 1999ರಲ್ಲಿ ಅವರು ಪುಸ್ತಕದಲ್ಲಿ ಬರೆದಿಟ್ಟ ಅಭ್ಯಾಸಗಳಲ್ಲಿ '40 ಗಂಟೆಯ ವಾರ' ಒಂದು. ಅದರ ಜೊತೆಗೆ ಒಂದು ಷರತ್ತು ಇತ್ತು, ನನಗೆ ಅದು 40ಕ್ಕಿಂತ ಮುಖ್ಯ. ಒಂದು ವಾರ ಓವರ್‌ಟೈಮ್ ಮಾಡಿದಿರಿ, ಸರಿ. ಎರಡನೇ ವಾರವೂ ಬೇಕಾಯಿತು ಅಂದರೆ ಪ್ರಾಜೆಕ್ಟ್‌ನಲ್ಲೇ ಏನೋ ತಪ್ಪಿದೆ, ಇನ್ನಷ್ಟು ಗಂಟೆ ಕೂತು ಅದನ್ನು ಸರಿಮಾಡಲು ಆಗುವುದಿಲ್ಲ.

ಆ ಪುಸ್ತಕದ 2004ರ ಪರಿಷ್ಕರಣೆಯಲ್ಲಿ ಬೆಕ್ 40 ಅನ್ನುವ ಅಂಕಿಯನ್ನು ಬಿಟ್ಟು, ಚೈತನ್ಯ ಉಳಿಯುವಷ್ಟು ಹೊತ್ತು ಮಾತ್ರ ಕೆಲಸ ಮಾಡಿ ಅಂದರು. ಹಾಗಾಗಿ 38ಕ್ಕೋ 42ಕ್ಕೋ ಜಗಳ ಆಡಬೇಕಿಲ್ಲ.

ಸ್ಕ್ರಮ್‌ನಲ್ಲಿ ಓವರ್‌ಟೈಮ್ ಬಗ್ಗೆ ಏನಾದ್ರೂ ಇದೆಯಾ?

ಸ್ಕ್ರಮ್ ಅಂದರೆ ಅಜೈಲ್ ಕೆಲಸದ ಒಂದು ಚೌಕಟ್ಟು, ಅದರಲ್ಲಿ ಗಂಟೆ ಲೆಕ್ಕ ಇಲ್ಲ. ಕೆನ್ ಶ್ವಾಬರ್ ಮತ್ತು ಜೆಫ್ ಸದರ್ಲ್ಯಾಂಡ್ ಬರೆದ ಸ್ಕ್ರಮ್ ಗೈಡ್‌ನ 2020ರ ಆವೃತ್ತಿಯಲ್ಲಿ ಒಂದು ಸಾಲಿದೆ: ಸಸ್ಟೇನಬಲ್ ಪೇಸ್‌ನಲ್ಲಿ ಸ್ಪ್ರಿಂಟ್ (ಕೆಲವು ವಾರಗಳ ಒಂದು ಕೆಲಸದ ಸುತ್ತು) ನಡೆಸಿದರೆ ತಂಡದ ಗಮನವೂ ಸ್ಥಿರತೆಯೂ ಹೆಚ್ಚುತ್ತದೆ ಅಂತ. ಅಷ್ಟೇ.

ಜಾಸ್ತಿ ಹೊತ್ತು ಕೂತ್ರೆ ಜಾಸ್ತಿ ಕೆಲಸ ಆಗುತ್ತೆ. ಸಿಂಪಲ್ ಲೆಕ್ಕ ಅಲ್ವಾ?

ಒಂದು ಮಟ್ಟದವರೆಗೆ ಹೌದು. ಆ ಮಟ್ಟ ನಾವು ಅಂದುಕೊಂಡಿದ್ದಕ್ಕಿಂತ ಬೇಗ ಬರುತ್ತದೆ.

ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಅರ್ಥಶಾಸ್ತ್ರಜ್ಞ ಜಾನ್ ಪೆಂಕಾವೆಲ್ ಮೊದಲನೇ ಮಹಾಯುದ್ಧದ ಕಾಲದ ಬ್ರಿಟನ್ನಿನ ಮದ್ದುಗುಂಡು ಕಾರ್ಖಾನೆಗಳ ದಾಖಲೆ ತೆಗೆದು ಲೆಕ್ಕ ಹಾಕಿದರು. ಅದು ಪ್ರಕಟವಾದದ್ದು 2014ರಲ್ಲಿ. ಅಲ್ಲಿ ಹೆಚ್ಚಾಗಿ ಹೆಂಗಸರು ಕೆಲಸ ಮಾಡುತ್ತಿದ್ದರು. ವಾರಕ್ಕೆ ಸುಮಾರು 50 ಗಂಟೆವರೆಗೆ ಗಂಟೆಗೆ ತಕ್ಕ ಹಾಗೆ ಉತ್ಪಾದನೆ ಏರಿತು. ಆಮೇಲೆ ಏರಿಕೆ ಕುಗ್ಗಿತು. 70 ಗಂಟೆ ದುಡಿದವರು ತಯಾರಿಸಿದ್ದಕ್ಕೂ 56 ಗಂಟೆ ದುಡಿದವರು ತಯಾರಿಸಿದ್ದಕ್ಕೂ ಹೆಚ್ಚು ವ್ಯತ್ಯಾಸವೇ ಇರಲಿಲ್ಲ. ಮಧ್ಯದ 14 ಗಂಟೆ ಎಲ್ಲಿ ಹೋಯಿತು?

ಅದು ಎಣಿಸಬಹುದಾದ ಕೈಕೆಲಸ. ನಮ್ಮದು ತಲೆಕೆಲಸ, ಸುಸ್ತಾದಾಗ ಬರೆದ ಒಂದು ಸಾಲು ಮುಂದಿನ ವಾರ ಎರಡು ದಿನ ತಿನ್ನುತ್ತದೆ. 1997ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರು ಒಂದು ಹೋಲಿಕೆ ಮಾಡಿ ನೋಡಿದರು. ಸತತ 17 ಗಂಟೆ ಎಚ್ಚರ ಇದ್ದವರ ಕೈ-ಕಣ್ಣಿನ ಹೊಂದಾಣಿಕೆ ರಕ್ತದಲ್ಲಿ ಶೇ 0.05 ಮದ್ಯ ಇರುವವರ ಮಟ್ಟಕ್ಕೆ ಇಳಿದಿತ್ತು. ನಮ್ಮ ದೇಶದಲ್ಲಿ ವಾಹನ ಓಡಿಸುವವರಿಗೆ ಇರುವ ಮಿತಿ 100 ಮಿಲಿ ಲೀಟರ್ ರಕ್ತಕ್ಕೆ 30 ಮಿಲಿ ಗ್ರಾಂ, ಅಂದರೆ ಶೇ 0.03. ಬೆಳಿಗ್ಗೆ 6ಕ್ಕೆ ಎದ್ದವರು ರಾತ್ರಿ 11ಕ್ಕೆ ಪ್ರೊಡಕ್ಷನ್ (ಗ್ರಾಹಕರು ಬಳಸುತ್ತಿರುವ) ಡೇಟಾಬೇಸ್ ಮುಟ್ಟುವಾಗ ಈ ಅಂಕಿ ನೆನಪಿರಲಿ.

ನನ್ನ ಕೆಲಸ 6 ಗಂಟೆಗೇ ಮುಗಿಯುತ್ತೆ. ಎಲ್ಲರೂ ಕೂತಿರ್ತಾರೆ, ಎದ್ದು ಹೋಗೋಕೆ ಮುಜುಗರ ಆಗುತ್ತೆ.

ಬಹಳ ಜನ ಇದನ್ನು ಮೆಲ್ಲಗೆ ಕೇಳುತ್ತಾರೆ. ಸುಮ್ನೆ ಕೂತಿರುವವರಲ್ಲಿ ಅರ್ಧ ಜನಕ್ಕೆ ನಿಮ್ಮ ಹಾಗೇ ಮುಜುಗರ ಇರುತ್ತದೆ. ಇದನ್ನು ಬಿಡಿಸಬೇಕಾದವರು ತಂಡದ ಹಿರಿಯರು. ವಾರಕ್ಕೆ ಮೂರು ದಿನ ಅವರು ಎಲ್ಲರಿಗೂ ಕಾಣುವ ಹಾಗೆ, "ಹೊರಟೆ, ನಾಳೆ ಸಿಗೋಣ" ಅಂತ ಹೇಳಿ ಎದ್ದು ಹೋಗಬೇಕು. ನೀವು ಹೊಸಬರಾದರೆ ಡೈಲಿ ಸ್ಟ್ಯಾಂಡಪ್‌ನಲ್ಲಿ (ದಿನವೂ ತಂಡ ಸೇರುವ ಸಣ್ಣ ಸಭೆಯಲ್ಲಿ) ನಿನ್ನೆ ಏನು ಮುಗಿಯಿತು ಅಂತ ಸ್ಪಷ್ಟವಾಗಿ ಹೇಳಿ. ಮುಗಿದ ಕೆಲಸ ಕಣ್ಣಿಗೆ ಕಾಣುವಾಗ ಕೂತ ಹೊತ್ತನ್ನು ಯಾರೂ ಎಣಿಸುವುದಿಲ್ಲ.

## ಸ್ಪ್ರಿಂಟ್ ಒಳಗಿನ ಪ್ರಶ್ನೆಗಳು

"ಪ್ಲಾನಿಂಗ್‌ನಲ್ಲಿ ನೀವೇ ಕಮಿಟ್ ಮಾಡಿದ್ದು, ಈಗ ರಾತ್ರಿ ಕೂತಾದ್ರೂ ಮುಗಿಸಿ" ಅಂತಾರೆ. ಏನು ಹೇಳೋದು?

ಪ್ಲಾನಿಂಗ್ ದಿನ, ಅಂದರೆ ಸ್ಪ್ರಿಂಟ್ ಶುರುವಿನಲ್ಲಿ, ಆರಿಸಿಕೊಂಡ ಸ್ಟೋರಿಗಳು (ಬಳಸುವವರಿಗೆ ಬೇಕಾದ ಸಣ್ಣ ಸಣ್ಣ ಕೆಲಸಗಳು) ಒಂದು ಅಂದಾಜು. 2011ರ ಸ್ಕ್ರಮ್ ಗೈಡ್ ಆ ಜಾಗದಲ್ಲಿದ್ದ 'ಕಮಿಟ್‌ಮೆಂಟ್' ತೆಗೆದು 'ಫೋರ್‌ಕಾಸ್ಟ್' ಅಂತ ಹಾಕಿತು. 2020ರ ಗೈಡ್‌ನಲ್ಲಿ ತಂಡ ಮಾತು ಕೊಡುವುದು ಸ್ಪ್ರಿಂಟ್ ಗೋಲ್‌ಗೆ, ಪಟ್ಟಿಯಲ್ಲಿರುವ ಪ್ರತಿ ಸ್ಟೋರಿಗೆ ಅಲ್ಲ. ಹಾಗಾಗಿ ಕೇಳಬೇಕಾದ ಮಾತು ಇದು: "ಈ ಸ್ಟೋರಿ ಇಲ್ಲದೆ ಗೋಲ್ ಮುಟ್ಟಬಹುದಾ?" ಬಹಳ ಸಲ ಮುಟ್ಟಬಹುದು.

ಸ್ಪ್ರಿಂಟ್ ಮುಗಿಯೋಕೆ 2 ದಿನ ಇದೆ, 3 ಸ್ಟೋರಿ ಬಾಕಿ ಇದೆ. ಈಗ ಏನು ಮಾಡೋದು?

ಮೊದಲು ಪ್ರೊಡಕ್ಟ್ ಓನರ್‌ಗೆ (ಯಾವ ಕೆಲಸ ಮೊದಲು ಅಂತ ನಿರ್ಧರಿಸುವವರಿಗೆ) ಇವತ್ತೇ ಹೇಳಿ. ಕೊನೇ ದಿನ ಸಂಜೆ ಹೇಳಿದರೆ ಅವರಿಗೆ ಆಯ್ಕೆ ಉಳಿದಿರುವುದಿಲ್ಲ.

ಆಮೇಲೆ ಮೂರನ್ನೂ ಒಟ್ಟಿಗೆ ಎಳೆಯುವುದು ಬಿಡಿ. ಯಾವುದು ಮುಖ್ಯ ಅಂತ ಓನರ್ ಹೇಳುತ್ತಾರೋ ಅದಕ್ಕೆ ಎಲ್ಲರೂ ಸೇರಿ. ಎರಡನೆಯದನ್ನು ಕತ್ತರಿಸಲು ಆಗುತ್ತಾ ನೋಡಿ. ಉದಾಹರಣೆಗೆ, ಯುಪಿಐ ಪಾವತಿ ಈ ಸ್ಪ್ರಿಂಟ್‌ಗೆ, ಕಾರ್ಡ್ ಪಾವತಿ ಮುಂದಿನದಕ್ಕೆ. ಮೂರನೆಯದನ್ನು ಬ್ಯಾಕ್‌ಲಾಗ್‌ಗೆ (ಮುಂದೆ ಮಾಡಬೇಕಾದ ಕೆಲಸಗಳ ಪಟ್ಟಿಗೆ) ವಾಪಸ್ ಕಳಿಸಿ. ಮೂರೂ ಶೇ 90 ಮುಗಿದಿವೆ ಅನ್ನುವುದಕ್ಕಿಂತ ಒಂದು ಪೂರ್ತಿ ಮುಗಿದಿದೆ ಅನ್ನುವುದು ಎಷ್ಟೋ ಮೇಲು. ಶೇ 90 ಮುಗಿದ ಸ್ಟೋರಿಯನ್ನು ಬಳಸುವವರು ಯಾರೂ ಇಲ್ಲ.

ಓವರ್‌ಟೈಮ್ ಮಾಡಿ ವೆಲಾಸಿಟಿ ಏರಿಸಿದ್ರೆ ಮ್ಯಾನೇಜ್‌ಮೆಂಟ್ ಖುಷಿ ಪಡುತ್ತೆ. ಅದರಲ್ಲಿ ತಪ್ಪೇನು?

ಇದಕ್ಕೆ ಸ್ವಲ್ಪ ಲೆಕ್ಕ ಬೇಕು. ಪಾಯಿಂಟ್ ಅಂದರೆ ಒಂದು ಸ್ಟೋರಿಯ ಗಾತ್ರದ ಅಂದಾಜು, ವೆಲಾಸಿಟಿ ಅಂದರೆ ಒಂದು ಸ್ಪ್ರಿಂಟ್‌ನಲ್ಲಿ ತಂಡ ಮುಗಿಸುವ ಪಾಯಿಂಟ್. 5 ಜನರ ತಂಡ, ಎರಡು ವಾರದ ಸ್ಪ್ರಿಂಟ್ ಅಂದುಕೊಳ್ಳಿ. ಒಬ್ಬರಿಗೆ 80 ಗಂಟೆಯಂತೆ ಒಟ್ಟು 400 ಗಂಟೆ. ಸಾಮಾನ್ಯವಾಗಿ 30 ಪಾಯಿಂಟ್ ಮುಗಿಸುತ್ತಾರೆ. ಒಂದು ಸ್ಪ್ರಿಂಟ್‌ನಲ್ಲಿ ಸಂಜೆಗಳನ್ನೂ ಎರಡು ಶನಿವಾರವನ್ನೂ ಹಾಕಿ 36 ಪಾಯಿಂಟ್ ಮುಗಿಸಿದರು. ಎಲ್ಲರೂ ಚಪ್ಪಾಳೆ ತಟ್ಟಿದರು, ವೇಗ ಶೇ 20 ಏರಿತು ಅಂತ.

ಆದರೆ ಆ ಸ್ಪ್ರಿಂಟ್‌ನಲ್ಲಿ ಹೋದದ್ದು 480 ಗಂಟೆ. 400 ಗಂಟೆಗೆ 30 ಅಂದರೂ 480 ಗಂಟೆಗೆ 36 ಅಂದರೂ ಗಂಟೆಗೆ ಬೀಳುವ ಪಾಯಿಂಟ್ ಒಂದೇ, 0.075. ತಂಡ ಒಂದಿಷ್ಟೂ ವೇಗ ಆಗಿಲ್ಲ. ಹೆಚ್ಚು ಗಂಟೆ ಹಾಕಿದೆ, ಅಷ್ಟೇ. ಇದು ಒಳ್ಳೆಯ ಸಂದರ್ಭದ ಲೆಕ್ಕ, ಸುಸ್ತಿನಲ್ಲಿ ಹುಟ್ಟಿದ ಬಗ್‌ಗಳನ್ನು ಇನ್ನೂ ಕಳೆದಿಲ್ಲ.

ನಿಜವಾದ ತೊಂದರೆ ಮುಂದಿನ ಪ್ಲಾನಿಂಗ್‌ನಲ್ಲಿ ಬರುತ್ತದೆ. ಹಿಂದಿನ ಸ್ಪ್ರಿಂಟ್‌ನಲ್ಲಿ ಎಷ್ಟು ಮುಗಿಯಿತೋ ಅಷ್ಟನ್ನೇ ಮತ್ತೆ ತಗೊಳ್ಳುವುದು ರೂಢಿ. ಹಾಗಾಗಿ ಈಗ 36 ತಗೊಳ್ಳುತ್ತಾರೆ. ಆ 36ರ ಒಳಗೆ 80 ಗಂಟೆ ಓವರ್‌ಟೈಮ್ ಆಗಲೇ ಕೂತಿದೆ. ಯಾರೂ ಕೇಳಲಿಲ್ಲ, ಯಾರೂ ಒಪ್ಪಲಿಲ್ಲ, ಆದರೂ ಅದು ತಂಡದ ಮಾಮೂಲಿ ಆಗಿಬಿಟ್ಟಿತು. ಅದಕ್ಕೇ ವೆಲಾಸಿಟಿ ಚಾರ್ಟ್‌ನಲ್ಲಿ ಪಾಯಿಂಟ್ ಪಕ್ಕ ಆ ಸ್ಪ್ರಿಂಟ್‌ಗೆ ಹೋದ ಗಂಟೆಯನ್ನೂ ಬರೆಯಿರಿ. ಓವರ್‌ಟೈಮ್ ಆದ ಸ್ಪ್ರಿಂಟನ್ನು ಸರಾಸರಿಯಿಂದ ಹೊರಗಿಡಿ.

ನಮ್ಮ ಟೈಮ್‌ಶೀಟ್ ದಿನಕ್ಕೆ 8 ಗಂಟೆಗಿಂತ ಜಾಸ್ತಿ ಹಾಕೋಕೇ ಬಿಡಲ್ಲ. ಗಂಟೆ ಎಲ್ಲಿ ಬರೆಯೋದು?

ಸರ್ವಿಸ್ ಕಂಪನಿಗಳಲ್ಲಿ ಇದು ಬಹಳ ಕಡೆ ಇದೆ. ಬಿಲ್ ಮಾಡುವುದು 8 ಗಂಟೆಗೆ ಮಾತ್ರ, ಹಾಗಾಗಿ ಸಾಫ್ಟ್‌ವೇರ್ ಒಂಬತ್ತನೇ ಗಂಟೆಯನ್ನು ತಗೊಳ್ಳುವುದಿಲ್ಲ. ನನ್ನ ಪ್ರಕಾರ ಇಡೀ ಓವರ್‌ಟೈಮ್ ಸಮಸ್ಯೆಯ ಬೇರು ಇಲ್ಲಿದೆ. ಬರೆಯದ ಗಂಟೆ ಯಾವ ಲೆಕ್ಕಕ್ಕೂ ಬರುವುದಿಲ್ಲ, ಮತ್ತು ಆ ಸುಳ್ಳು ದಾಖಲೆ ಮುಂದಿನ ಪ್ರಾಜೆಕ್ಟ್‌ನ ಅಂದಾಜಿಗೆ ಆಧಾರ ಆಗುತ್ತದೆ.

ನಾನು ಕೆಲಸ ಮಾಡಿದ ಒಂದು ಕಡೆ ಹೀಗೇ ಆಯಿತು. ಹಳೆಯ ಪ್ರಾಜೆಕ್ಟ್‌ನಲ್ಲಿ ತಂಡ ತಿಂಗಳುಗಟ್ಟಲೆ ರಾತ್ರಿ ಕೂತು ಮುಗಿಸಿತ್ತು. ಟೈಮ್‌ಶೀಟ್ ಮಾತ್ರ ದಿನಕ್ಕೆ 8 ಗಂಟೆ ಅಂತಲೇ ತೋರಿಸುತ್ತಿತ್ತು. ಅದನ್ನು ನೋಡಿ ಅಂಥದೇ ಹೊಸ ಪ್ರಾಜೆಕ್ಟ್‌ಗೆ ಅಷ್ಟೇ ಸಮಯ, ಅಷ್ಟೇ ಜನ ಅಂತ ಕ್ಲೈಂಟ್‌ಗೆ ಮಾತು ಕೊಟ್ಟರು. ಮಾರಾಟದವರು ಯಾರಿಗೂ ಮೋಸ ಮಾಡಲಿಲ್ಲ. ಅವರ ಕೈಗೆ ಸಿಕ್ಕಿದ್ದೇ ತಪ್ಪು ಅಂಕಿ. ಹೊಸ ತಂಡ ಮೊದಲ ದಿನದಿಂದಲೇ ರಾತ್ರಿ ಕೂರಬೇಕಾಯಿತು.

ಟೈಮ್‌ಶೀಟ್ ಬಿಡದಿದ್ದರೆ ತಂಡದ್ದೇ ಒಂದು ಹಾಳೆ ಇಟ್ಟುಕೊಳ್ಳಿ. ಅದನ್ನು ಹೇಗೆ ಇಡಬೇಕು ಅಂತ ಕೊನೆಯ ಪ್ರಶ್ನೆಯಲ್ಲಿ ಬರೆದಿದ್ದೇನೆ.

ಟೆಸ್ಟಿಂಗ್‌ನವರೇ ಯಾಕೆ ಯಾವಾಗ್ಲೂ ಕೊನೇ ಎರಡು ರಾತ್ರಿ ನಿದ್ದೆ ಕೆಡಬೇಕು?

ಯಾಕಂದರೆ ಸ್ಪ್ರಿಂಟ್ ಹೆಸರಿನಲ್ಲಿ ತಂಡ ಪುಟ್ಟ ವಾಟರ್‌ಫಾಲ್ (ಒಂದು ಹಂತ ಪೂರ್ತಿ ಮುಗಿದ ಮೇಲೇ ಮುಂದಿನದು ಅನ್ನುವ ಹಳೆಯ ಪದ್ಧತಿ) ನಡೆಸುತ್ತಿದೆ. ಎಂಟು ದಿನ ಎಲ್ಲರೂ ಕೋಡ್ ಬರೆಯುತ್ತಾರೆ, ಒಂಬತ್ತನೇ ದಿನ ಎಲ್ಲವೂ ಟೆಸ್ಟರ್ ಮೇಜಿಗೆ ಬಂದು ಬೀಳುತ್ತದೆ. ಡೆವಲಪರ್‌ಗಳ ಓವರ್‌ಟೈಮ್ ಕಡಿಮೆ, ಟೆಸ್ಟರ್‌ಗಳದ್ದು ಜಾಸ್ತಿ. ಇದು ಅನ್ಯಾಯ ಕೂಡ.

ಒಂದೇ ಸಲಕ್ಕೆ ಎಷ್ಟು ಸ್ಟೋರಿ ತೆರೆದಿಡಬಹುದು ಅನ್ನುವುದಕ್ಕೆ ಮಿತಿ ಹಾಕಿ. ಜಾನ್ ಲಿಟಲ್ 1961ರಲ್ಲಿ ಸಾಧಿಸಿದ ಒಂದು ಸರಳ ಸೂತ್ರ ಇಲ್ಲಿ ಕೆಲಸಕ್ಕೆ ಬರುತ್ತದೆ. ತೆರೆದಿರುವ ಕೆಲಸವನ್ನು ವಾರಕ್ಕೆ ಮುಗಿಯುವ ಕೆಲಸದಿಂದ ಭಾಗಿಸಿದರೆ ಒಂದು ಕೆಲಸಕ್ಕೆ ಹಿಡಿಯುವ ಸರಾಸರಿ ಸಮಯ ಸಿಗುತ್ತದೆ. 12 ಸ್ಟೋರಿ ತೆರೆದಿದ್ದು, ವಾರಕ್ಕೆ 4 ಮುಗಿದರೆ ಒಂದಕ್ಕೆ 3 ವಾರ. 6 ಮಾತ್ರ ತೆರೆದರೆ ಒಂದೂವರೆ ವಾರ. ಯಾರೂ ಒಂದು ಗಂಟೆ ಜಾಸ್ತಿ ಕೂರಬೇಕಿಲ್ಲ. ಮಿತಿ ಮುಟ್ಟಿದಾಗ ಡೆವಲಪರ್ ಹೊಸ ಸ್ಟೋರಿ ತೆರೆಯುವ ಬದಲು ಟೆಸ್ಟಿಂಗ್‌ಗೆ ಕೈ ಜೋಡಿಸಲಿ.

ಒಬ್ಬರು ಮಾತ್ರ ರಾತ್ರಿಯೆಲ್ಲ ಕೂರ್ತಾರೆ. "ನನಗಿಷ್ಟ, ಬಿಡಿ" ಅಂತಾರೆ. ಬಿಟ್ಟುಬಿಡೋದಾ?

ಇಷ್ಟಪಟ್ಟು ಮಾಡುವವರನ್ನು ಬೈಯಬೇಡಿ. ಆದರೆ ಬಿಟ್ಟುಬಿಡಲೂ ಬೇಡಿ. ಬೆಳಿಗ್ಗೆ ಉಳಿದವರು ಬರುವಷ್ಟರಲ್ಲಿ 40 ಕಡತ ಬದಲಾಗಿರುತ್ತವೆ, ರಿವ್ಯೂ ಮಾಡಲು ಅರ್ಧ ದಿನ ಹೋಗುತ್ತದೆ. ಅವರಿಗೆ ಮಾತ್ರ ಗೊತ್ತಿರುವ ಕೋಡ್ ಬೆಳೆಯುತ್ತದೆ, ಅವರು ಊರಿಗೆ ಹೋದ ದಿನ ತಂಡ ನಿಲ್ಲುತ್ತದೆ. ಏಕಾಂತದಲ್ಲಿ ಕೂತು ಕೇಳಿ. ಕೆಲವರಿಗೆ ಹಗಲೆಲ್ಲ ಮೀಟಿಂಗ್, ರಾತ್ರಿ ಮಾತ್ರ ಕೋಡ್ ಬರೆಯಲು ಸಾಧ್ಯ. ಆಗ ಸರಿಮಾಡಬೇಕಾದ್ದು ಅವರ ಕ್ಯಾಲೆಂಡರ್. ಕೆಲವರಿಗೆ ಅಪ್ರೈಸಲ್ ಭಯ. ಆ ಭಯಕ್ಕೆ ಉತ್ತರ ಕೊಡಬೇಕಾದವರು ಮ್ಯಾನೇಜರ್.

ಶುಕ್ರವಾರ ಸಂಜೆ ರಿಲೀಸ್ ಮಾಡಬಹುದಾ?

ಐದು ನಿಮಿಷದಲ್ಲಿ ಹಿಂದಕ್ಕೆ ತಗೊಳ್ಳುವ ವ್ಯವಸ್ಥೆ ಇದ್ದರೆ ಮಾಡಿ. ಇಲ್ಲದಿದ್ದರೆ ಸೋಮವಾರ ಬೆಳಿಗ್ಗೆ.

ಅಮೆರಿಕದವರ ಜೊತೆ ರಾತ್ರಿ 10ಕ್ಕೆ ಕಾಲ್ ಇರುತ್ತೆ. ಬೆಳಿಗ್ಗೆ 10ಕ್ಕೆ ಸ್ಟ್ಯಾಂಡಪ್. ಇದು ಓವರ್‌ಟೈಮ್ ಅಂತ ಲೆಕ್ಕಾನಾ?

ಲೆಕ್ಕ. ಆ ಒಂದು ಗಂಟೆ ಕಾಲ್‌ಗಾಗಿ ನೀವು ಊಟದ ಹೊತ್ತು ಬದಲಿಸುತ್ತೀರಿ, ಮಕ್ಕಳನ್ನು ಮಲಗಿಸಲು ಆಗುವುದಿಲ್ಲ, ಮುಗಿದ ಮೇಲೆ ತಕ್ಷಣ ನಿದ್ದೆ ಬರುವುದಿಲ್ಲ. ಬೆಂಗಳೂರಿನ ಔಟರ್ ರಿಂಗ್ ರೋಡ್ ದಾಟಿ ಮನೆಗೆ ಬಂದವರಿಗೆ ಅದು ಎರಡನೇ ಪಾಳಿ.

ಕ್ಯಾಲಿಫೋರ್ನಿಯಾಕ್ಕೂ ನಮಗೂ ಬೇಸಿಗೆಯಲ್ಲಿ ಹನ್ನೆರಡೂವರೆ ಗಂಟೆ ಅಂತರ, ಚಳಿಗಾಲದಲ್ಲಿ ಹದಿಮೂರೂವರೆ. ಅವರ ಬೆಳಿಗ್ಗೆ 9 ನಮಗೆ ರಾತ್ರಿ 9.30, ನವೆಂಬರ್‌ನಲ್ಲಿ ಅವರು ಗಡಿಯಾರ ಬದಲಿಸಿದ ಮೇಲೆ 10.30. ಕ್ಯಾಲೆಂಡರ್ ತಾನಾಗಿ ಜರುಗುತ್ತದೆ, ಯಾರೂ ಪ್ರಶ್ನೆ ಮಾಡುವುದಿಲ್ಲ. ಅವರ ಬೆಳಿಗ್ಗೆ 7ಕ್ಕೆ ಕಾಲ್ ಇಟ್ಟರೆ ಬೇಸಿಗೆಯಲ್ಲಿ ನಮಗೆ ಸಂಜೆ 7.30. ಹಾಗಾಗಿ ಕಷ್ಟವನ್ನು ಹಂಚಿಕೊಳ್ಳಲು ಕೇಳಿ. ಒಂದು ತಿಂಗಳು ನಾವು ತಡವಾಗಿ ಕೂರುತ್ತೇವೆ, ಇನ್ನೊಂದು ತಿಂಗಳು ನೀವು ಬೇಗ ಏಳಿ. ಆ ಕಡೆ ಕೂತ ಕನ್ನಡಿಗರು ಇದನ್ನು ಮೊದಲು ಒಪ್ಪಿಕೊಂಡದ್ದನ್ನು ನಾನು ನೋಡಿದ್ದೇನೆ, ಅವರಿಗೆ ಈ ಕಡೆಯ ರಾತ್ರಿ ಗೊತ್ತು.

ಕಾಲ್‌ಗಳ ಸಂಖ್ಯೆಯನ್ನೇ ಇಳಿಸುವುದು ಇನ್ನೂ ಒಳ್ಳೆಯದು. ನಮ್ಮ ಸಂಜೆ, ಏನು ಮುಗಿಯಿತು, ಎಲ್ಲಿ ನಿಂತಿದೆ, ಏನು ಉತ್ತರ ಬೇಕು ಅಂತ ಬರೆದಿಟ್ಟು ಹೊರಡಿ. ಅವರು ಎದ್ದಾಗ ಓದಿ ಬರೆದು ಉತ್ತರಿಸಲಿ. ರಾತ್ರಿ ಕಾಲ್ ವಾರಕ್ಕೆ ಎರಡು ಸಾಕು, ಎಲ್ಲರೂ ಬರಬೇಕಿಲ್ಲ. ಕಾಲ್ ಇದ್ದ ಮರುದಿನ ಅವರಿಗೆ ಸ್ಟ್ಯಾಂಡಪ್ 11.30ಕ್ಕೆ.

## ಕಾನೂನು, ಮಾತುಕತೆ

ಐಟಿಯವರಿಗೆ ಕೆಲಸದ ಗಂಟೆ ಕಾನೂನು ಅನ್ವಯಿಸೋದೇ ಇಲ್ಲ ಅಂತಾರೆ. ನಿಜಾನಾ?

ನಿಜ ಅಲ್ಲ. ಗೊಂದಲ ಎಲ್ಲಿಂದ ಬಂತು ಅಂತ ಹೇಳುತ್ತೇನೆ. ಕರ್ನಾಟಕ ಸರ್ಕಾರ ಐಟಿ ಕಂಪನಿಗಳಿಗೆ 1946ರ ಸ್ಥಾಯಿ ಆದೇಶಗಳ ಕಾಯ್ದೆಯಿಂದ ವಿನಾಯಿತಿ ಕೊಡುತ್ತಾ ಬಂದಿತ್ತು. 2024ರ ಜೂನ್‌ನಲ್ಲಿ ಅದನ್ನು ಇನ್ನೂ 5 ವರ್ಷಕ್ಕೆ ಮುಂದುವರಿಸಿತು. ಆ ಕಾಯ್ದೆ ಕೆಲಸದ ಷರತ್ತು, ಶಿಸ್ತು ಕ್ರಮ ಇಂಥವಕ್ಕೆ ಸಂಬಂಧಿಸಿದ್ದು. 2025ರ ನವೆಂಬರ್ 21ರಂದು ಕೇಂದ್ರದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಾಗ ಅದು ಕೈಗಾರಿಕಾ ಸಂಬಂಧ ಸಂಹಿತೆಯೊಳಗೆ ಸೇರಿಹೋಯಿತು.

ಗಂಟೆಗಳ ವಿಷಯ ಇರುವುದು ಬೇರೆ ಕಡೆ, 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯಲ್ಲಿ. ಅದರ ಪ್ರಕಾರ ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ. ಓವರ್‌ಟೈಮ್ ಸೇರಿ ದಿನಕ್ಕೆ 10 ಗಂಟೆ ಮೀರಬಾರದು, ಮೂರು ತಿಂಗಳಲ್ಲಿ ಓವರ್‌ಟೈಮ್ 50 ಗಂಟೆ ದಾಟಬಾರದು. ಹೆಚ್ಚುವರಿ ಗಂಟೆಗೆ ಎರಡು ಪಟ್ಟು ಕೂಲಿ ಕೊಡಬೇಕು. ಮ್ಯಾನೇಜ್‌ಮೆಂಟ್ ಸ್ಥಾನದಲ್ಲಿ ಇರುವವರು ಇದರಿಂದ ಹೊರಗೆ.

ಈ ಮಿತಿಗಳನ್ನು ಏರಿಸುವ ಪ್ರಸ್ತಾವ 2024ರ ಜುಲೈನಲ್ಲಿ ಬಂತು, 2025ರ ಜೂನ್‌ನಲ್ಲಿ ಮತ್ತೆ ಬಂತು. ಎರಡು ಸಲವೂ ಕರ್ನಾಟಕ ರಾಜ್ಯ ಐಟಿ, ಐಟಿಇಎಸ್ ನೌಕರರ ಸಂಘ ಬಲವಾಗಿ ವಿರೋಧಿಸಿತು. ನಿಮ್ಮ ಹುದ್ದೆಗೆ ಏನು ಅನ್ವಯ ಅಂತ ಕಾರ್ಮಿಕ ಇಲಾಖೆಯಲ್ಲಿ ಅಥವಾ ವಕೀಲರಲ್ಲಿ ಕೇಳಿ. ಕೈಯಲ್ಲಿ ಗಂಟೆಗಳ ದಾಖಲೆ ಇದ್ದರೆ ಆ ಮಾತು ಬೇಗ ಮುಂದೆ ಹೋಗುತ್ತದೆ.

ದೊಡ್ಡವರೇ ವಾರಕ್ಕೆ 70 ಗಂಟೆ, 90 ಗಂಟೆ ದುಡಿಯಿರಿ ಅಂತಾರಲ್ಲ?

2023ರ ಅಕ್ಟೋಬರ್‌ನಲ್ಲಿ ಎನ್. ಆರ್. ನಾರಾಯಣ ಮೂರ್ತಿಯವರು 70 ಗಂಟೆಯ ಮಾತು ಹೇಳಿದರು. 2025ರ ಜನವರಿಯಲ್ಲಿ ಎಲ್ ಅಂಡ್ ಟಿ ಅಧ್ಯಕ್ಷ ಎಸ್. ಎನ್. ಸುಬ್ರಹ್ಮಣ್ಯನ್ ಅವರ 90 ಗಂಟೆಯ ಮಾತು ಹೊರಬಂತು. ಸ್ವಂತ ಕಂಪನಿ ಕಟ್ಟಿದವರು ಹಗಲು ರಾತ್ರಿ ದುಡಿದಿರುತ್ತಾರೆ, ಆ ಶ್ರಮವನ್ನು ನಾನು ಗೌರವಿಸುತ್ತೇನೆ. ಆದರೆ ಯಾವಾಗ ನಿಲ್ಲಿಸಬೇಕು ಅನ್ನುವುದು ಅವರ ಕೈಯಲ್ಲೇ ಇತ್ತು. ಸಂಬಳಕ್ಕೆ ದುಡಿಯುವ ಹುಡುಗಿಗೆ ಆ ಆಯ್ಕೆ ಇಲ್ಲ.

ದೇಹಕ್ಕೂ ಒಂದು ಲೆಕ್ಕ ಇದೆ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ಸೇರಿ 2021ರಲ್ಲಿ ಒಂದು ಅಧ್ಯಯನ ಪ್ರಕಟಿಸಿದವು. ವಾರಕ್ಕೆ 35ರಿಂದ 40 ಗಂಟೆ ಕೆಲಸ ಮಾಡುವವರಿಗೆ ಹೋಲಿಸಿದರೆ 55 ಗಂಟೆ ಅಥವಾ ಹೆಚ್ಚು ಮಾಡುವವರಿಗೆ ಪಾರ್ಶ್ವವಾಯು ಬಡಿಯುವ ಅಪಾಯ ಶೇ 35ರಷ್ಟು ಜಾಸ್ತಿ, ಹೃದಯದ ರಕ್ತನಾಳದ ಕಾಯಿಲೆಯಿಂದ ಸಾಯುವ ಅಪಾಯ ಶೇ 17ರಷ್ಟು ಜಾಸ್ತಿ. ವಾರಕ್ಕೆ 48 ಗಂಟೆ ಅನ್ನುವ ಅಂತರರಾಷ್ಟ್ರೀಯ ಒಪ್ಪಂದ ಆದದ್ದು 1919ರಲ್ಲಿ, ಭಾರತ ಅದನ್ನು ಒಪ್ಪಿದ್ದು 1921ರಲ್ಲಿ, ಆದರೆ ಆಗ ಇಲ್ಲಿಗೆ ಅದು ಇಟ್ಟಿದ್ದ ಮಿತಿ 60 ಗಂಟೆ. ನೂರು ವರ್ಷದ ಹಿಂದೆಯೇ ಜಗತ್ತು ಕಾರ್ಖಾನೆ ಕಾರ್ಮಿಕರಿಗಾಗಿ ಬರೆದ 48 ಗಂಟೆಯ ಮಿತಿಯನ್ನು ಇವತ್ತು ಕೀಬೋರ್ಡ್ ಮುಂದೆ ಕೂತವರು ಬಿಟ್ಟುಕೊಡಬೇಕು ಅನ್ನುವುದನ್ನು ನಾನು ಒಪ್ಪುವುದಿಲ್ಲ.

ನಾನು ಫ್ರೆಶರ್. ಶನಿವಾರ ಬಾ ಅಂದ್ರೆ ಇಲ್ಲ ಅನ್ನೋಕೆ ಧೈರ್ಯ ಬರಲ್ಲ.

ಒಬ್ಬರೇ ಎದ್ದು ನಿಂತು ಇಲ್ಲ ಅನ್ನಿ ಅಂತ ನಾನು ಹೇಳುವುದಿಲ್ಲ. ಪ್ರೊಬೇಷನ್‌ನಲ್ಲಿ ಇರುವವರಿಗೆ ಅದು ಸುಲಭ ಅಲ್ಲ. ಆದರೆ ಪ್ರಶ್ನೆ ಕೇಳಬಹುದು. "ಬರುತ್ತೇನೆ. ಯಾವ ಸ್ಟೋರಿ ಮುಗಿಸಬೇಕು? ಬದಲಿ ರಜೆ (ಕಾಂಪ್ ಆಫ್) ಯಾವ ದಿನ ತಗೊಳ್ಳಲಿ?" ಇದನ್ನು ಮಾತಿನಲ್ಲಿ ಕೇಳಿ, ಆಮೇಲೆ ಮೆಸೇಜ್‌ನಲ್ಲೂ ಬರೆಯಿರಿ. ಯಾವ ಕೆಲಸಕ್ಕೆ ಅಂತ ಹೇಳಲು ಆಗದ ಶನಿವಾರಗಳು ಎಷ್ಟೋ ಸಲ ಅಲ್ಲಿಗೇ ರದ್ದಾಗುತ್ತವೆ. ಹಬ್ಬ, ಮದುವೆ, ಊರಿನ ಜಾತ್ರೆ ಇದ್ದರೆ ಪ್ಲಾನಿಂಗ್ ದಿನವೇ ಹೇಳಿಬಿಡಿ. ಆಗ ಅದು ತಂಡದ ಸಾಮರ್ಥ್ಯದ ಲೆಕ್ಕದಲ್ಲಿ ಸೇರಿರುತ್ತದೆ.

## ತಂಡ ನಡೆಸುವವರ ಪ್ರಶ್ನೆಗಳು

ಕ್ಲೈಂಟ್ ಡೇಟ್ ಫಿಕ್ಸ್, ಸ್ಕೋಪ್ ಫಿಕ್ಸ್, ದುಡ್ಡೂ ಫಿಕ್ಸ್. ಓವರ್‌ಟೈಮ್ ಬಿಟ್ಟು ದಾರಿ ಏನಿದೆ?

ಮೂರೂ ಫಿಕ್ಸ್ ಆದಾಗ ಜರುಗುವುದು ಎರಡೇ, ಗುಣಮಟ್ಟ ಮತ್ತು ಜನರ ನಿದ್ದೆ. ನನ್ನ ಅನುಭವದಲ್ಲಿ ಸ್ಕೋಪ್ ನಿಜವಾಗಿ ಫಿಕ್ಸ್ ಇರುವುದು ಅಪರೂಪ. ಒಪ್ಪಂದದಲ್ಲಿ 'ರಿಪೋರ್ಟ್ ವ್ಯವಸ್ಥೆ' ಅಂತ ಒಂದು ಸಾಲು ಇರುತ್ತದೆ, ನಾವು ಅದನ್ನು 14 ರಿಪೋರ್ಟ್ ಅಂತ ಓದಿಕೊಂಡಿರುತ್ತೇವೆ. ಮೊದಲ ದಿನದಿಂದ ಬೇಕಾದದ್ದು ನಾಲ್ಕೇ ಇರಬಹುದು. ಕೇಳದೆ ಗೊತ್ತಾಗುವುದಿಲ್ಲ.

ಪ್ರತಿ ಎರಡು ವಾರಕ್ಕೆ ಓಡುವ ಸಾಫ್ಟ್‌ವೇರ್ ತೋರಿಸಿ, ಅದರ ಜೊತೆಗೆ ಬರ್ನ್ ಅಪ್ ಚಾರ್ಟನ್ನೂ (ಇಲ್ಲಿವರೆಗೆ ಎಷ್ಟು ಕೆಲಸ ಮುಗಿದಿದೆ ಅಂತ ತೋರಿಸುವ ನಕ್ಷೆ) ತೋರಿಸಿ. "ಈ ವೇಗದಲ್ಲಿ ಆ ದಿನಕ್ಕೆ ಇಲ್ಲಿವರೆಗೆ ಮುಟ್ಟುತ್ತೇವೆ, ಈ ಗೆರೆ ಕೆಳಗಿನದು ಉಳಿಯುತ್ತದೆ, ಗೆರೆ ಮೇಲೆ ಏನು ಇರಬೇಕು ನೀವೇ ಹೇಳಿ" ಅನ್ನಿ. ಮೂರನೇ ತಿಂಗಳಲ್ಲಿ ಇದನ್ನು ಹೇಳಿದರೆ ಕ್ಲೈಂಟ್ ಕೂತು ಆರಿಸುತ್ತಾರೆ. ಕೊನೇ ವಾರ ಹೇಳಿದರೆ ಸಿಟ್ಟಾಗುತ್ತಾರೆ, ಆ ಸಿಟ್ಟು ನ್ಯಾಯವೇ.

ತಡ ಆಗ್ತಿದೆ, ಇನ್ನೂ 4 ಜನ ಕೊಡ್ತೀವಿ ಅಂತಿದ್ದಾರೆ. ತಗೊಳ್ಳಲಾ?

ಗಡುವು ಹತ್ತಿರ ಇದ್ದರೆ ಬೇಡ. ತಡವಾದ ಪ್ರಾಜೆಕ್ಟ್‌ಗೆ ಜನ ಸೇರಿಸಿದರೆ ಇನ್ನೂ ತಡ ಆಗುತ್ತದೆ ಅಂತ ಐಬಿಎಂನಲ್ಲಿ ದೊಡ್ಡ ಪ್ರಾಜೆಕ್ಟ್ ನಡೆಸಿದ ಫ್ರೆಡ್ ಬ್ರೂಕ್ಸ್ 1975ರಲ್ಲೇ ಬರೆದರು. ಹೊಸಬರಿಗೆ ಕಲಿಸುವವರು ಈಗಾಗಲೇ ಸುಸ್ತಾದವರೇ. 5 ಜನರ ನಡುವೆ ಮಾತಿನ ದಾರಿ 10, 9 ಜನರ ನಡುವೆ 36. ಗಡುವು ಆರು ತಿಂಗಳು ದೂರ ಇದ್ದರೆ ಇಬ್ಬಿಬ್ಬರನ್ನಾಗಿ ಸೇರಿಸಿಕೊಳ್ಳಿ.

ಯಾರೂ ಖಾಲಿ ಕೂರಬಾರದು, 100% ಯುಟಿಲೈಸೇಷನ್ ಬೇಕು ಅಂತಾರೆ ಮೇಲಿನವರು. ಏನು ಉತ್ತರ ಕೊಡಲಿ?

ಸರದಿಯ ಗಣಿತ ತೋರಿಸಿ. ಕೆಲಸ ಹೇಗೆಂದರೆ ಹಾಗೆ ಬಂದು ಬೀಳುವ ಜಾಗದಲ್ಲಿ, ತಂಡ ಶೇ 80 ತುಂಬಿದ್ದರೆ ಹೊಸ ಕೆಲಸ ಒಂದು ಕೆಲಸದ ಸಮಯದ 4 ಪಟ್ಟು ಕಾಯಬೇಕು. ಶೇ 90 ತುಂಬಿದರೆ 9 ಪಟ್ಟು. ಶೇ 95 ಆದರೆ 19 ಪಟ್ಟು. ಇದು ಒಬ್ಬರೇ ಕೆಲಸ ಮಾಡುವ ಸರಳ ಮಾದರಿಯ ಲೆಕ್ಕ, ಆದರೂ ಗೆರೆ ಹೇಗೆ ಜಿಗಿಯುತ್ತದೆ ಅನ್ನುವುದು ಕಾಣುತ್ತದೆ. ತುಂಬಿ ತುಳುಕುವ ತಂಡಕ್ಕೆ ಒಂದು ಪ್ರೊಡಕ್ಷನ್ ಬಗ್ ಬಂದರೆ ಅದಕ್ಕೆ ಹಗಲಿನಲ್ಲಿ ಜಾಗ ಇಲ್ಲ, ಹಾಗಾಗಿ ರಾತ್ರಿಗೆ ಹೋಗುತ್ತದೆ. ಸ್ಪ್ರಿಂಟ್‌ನಲ್ಲಿ ಐದನೇ ಒಂದು ಭಾಗ ಖಾಲಿ ಬಿಡಿ. ಅದು ಖಾಲಿ ಉಳಿಯುವುದೇ ಇಲ್ಲ, ನೋಡುತ್ತಿರಿ.

ಆನ್ ಕಾಲ್ ಇದ್ದವರು ಮರುದಿನವೂ ಸ್ಟೋರಿ ಮುಗಿಸಬೇಕು ಅನ್ನೋದು ಸರೀನಾ?

ಸರಿ ಅಲ್ಲ. ಆನ್ ಕಾಲ್ ವಾರದಲ್ಲಿ, ಅಂದರೆ ತೊಂದರೆ ಬಂದರೆ ರಾತ್ರಿಯೂ ಎದ್ದು ನೋಡುವ ಸರದಿಯಲ್ಲಿ, ಅವರ ಸಾಮರ್ಥ್ಯವನ್ನು ಪ್ಲಾನಿಂಗ್‌ನಿಂದ ಪೂರ್ತಿ ತೆಗೆಯಿರಿ, ಬಿಡುವು ಸಿಕ್ಕರೆ ಅಲರ್ಟ್‌ಗಳನ್ನು ಕಡಿಮೆ ಮಾಡುವ ಕೆಲಸ ಮಾಡಲಿ. ಗೂಗಲ್ ತನ್ನ ಎಸ್‌ಆರ್‌ಇ (ಸೇವೆಗಳು ನಿಲ್ಲದ ಹಾಗೆ ನೋಡಿಕೊಳ್ಳುವ) ತಂಡಗಳ ಪದ್ಧತಿಯನ್ನು 2016ರಲ್ಲಿ ಪ್ರಕಟಿಸಿದಾಗ ಕೆಲವು ಗಟ್ಟಿ ಅಂಕಿ ಕೊಟ್ಟಿತ್ತು. 12 ಗಂಟೆಯ ಪಾಳಿಯಲ್ಲಿ ಎರಡಕ್ಕಿಂತ ಜಾಸ್ತಿ ಘಟನೆ ಬರಬಾರದು. ಒಂದೇ ಊರಿನಲ್ಲಿರುವ ತಂಡಕ್ಕೆ ಕನಿಷ್ಠ 8 ಜನ ಬೇಕು, ಎರಡು ಊರುಗಳಲ್ಲಿ ಹಂಚಿದ್ದರೆ ತಲಾ 6. ನಮ್ಮಲ್ಲಿ 3 ಜನ ವರ್ಷಪೂರ್ತಿ ಸರದಿ ಮಾಡುವುದನ್ನು ನೋಡಿದ್ದೇನೆ. ಮೂರು ವಾರಕ್ಕೊಮ್ಮೆ ನಿದ್ದೆ ಕೆಡುವ ಕೆಲಸದಲ್ಲಿ ಯಾರು ಉಳಿಯುತ್ತಾರೆ?

ಎಲ್ಲಾ ಸರಿ, ಆದ್ರೆ ಒಂದೊಂದು ಸಲ ಓವರ್‌ಟೈಮ್ ಮಾಡಲೇಬೇಕಾಗುತ್ತೆ. ಆಗ ಹೇಗೆ ಮಾಡೋದು?

ಹೌದು, ಆಗುತ್ತದೆ. ಬಜೆಟ್‌ನಲ್ಲಿ ಬದಲಾದ ತೆರಿಗೆ ದರ ಏಪ್ರಿಲ್ 1ಕ್ಕೆ ಜಾರಿಗೆ ಬರುತ್ತದೆ, ಭದ್ರತೆಯ ತೂತು ಇವತ್ತೇ ಮುಚ್ಚಬೇಕಿರುತ್ತದೆ. ಅಂಥ ಹೊತ್ತಲ್ಲಿ ಒಳ್ಳೆಯ ತಂಡ ತಾನಾಗಿ ಕೂರುತ್ತದೆ.

ಶುರು ಮಾಡುವ ಮೊದಲೇ ಮುಗಿಯುವ ದಿನ ಹೇಳಿ, ಒಂದು ವಾರ ಮೀರದಿರಲಿ. ಯಾರು ಕೂರಬೇಕು ಅಂತ ತಂಡವೇ ನಿರ್ಧರಿಸಲಿ. ಮನೆಯಲ್ಲಿ ಪುಟ್ಟ ಮಗು ಇರುವವರು, ವಯಸ್ಸಾದವರನ್ನು ನೋಡಿಕೊಳ್ಳುವವರು ಇಲ್ಲ ಅಂದರೆ ಕಾರಣ ಕೇಳಬೇಡಿ. ರಾತ್ರಿ ಹೆಂಗಸರೂ ಇದ್ದರೆ ಮನೆ ಬಾಗಿಲವರೆಗೆ ಕ್ಯಾಬ್. ಲೀಡ್ ಮತ್ತು ಮ್ಯಾನೇಜರ್ ಕೂಡ ಅಲ್ಲೇ ಇರಬೇಕು, ಮನೆಯಿಂದ ಸ್ಟೇಟಸ್ ಕೇಳುತ್ತಾ ಕೂರುವುದಲ್ಲ. ಕಾಂಪ್ ಆಫ್ ಮುಂದಿನ ಸ್ಪ್ರಿಂಟ್‌ನಲ್ಲೇ ಕೊಡಿ, ಅದಕ್ಕೆ ತಕ್ಕ ಹಾಗೆ ಆ ಸ್ಪ್ರಿಂಟ್‌ನ ಕೆಲಸ ಇಳಿಸಿ. ವರ್ಷದ ಕೊನೆಗೆ ರದ್ದಾಗುವ ಕಾಂಪ್ ಆಫ್ ಕೊಟ್ಟ ಹಾಗೆ ಅಲ್ಲ. ಕಾನೂನಿನ ಪ್ರಕಾರ ಹಣ ಬರಬೇಕಾದವರಿಗೆ ಕಾಂಪ್ ಆಫ್ ತೋರಿಸಿ ಹಣ ತಪ್ಪಿಸಬೇಡಿ.

ಗಂಟೆ ಲೆಕ್ಕ ಇಟ್ರೆ ಮ್ಯಾನೇಜ್‌ಮೆಂಟ್ ಅದನ್ನೇ ನಮ್ಮ ಮೇಲೆ ತಿರುಗಿಸಲ್ವಾ?

ಈ ಭಯ ನಿಜ. ಯಾರು ಕಡಿಮೆ ಕೂತರು ಅಂತ ಹುಡುಕಲು ಆ ಹಾಳೆ ಬಳಕೆಯಾದರೆ ಮರುದಿನದಿಂದ ಎಲ್ಲರೂ ಸುಳ್ಳು ಬರೆಯುತ್ತಾರೆ. ಅದಕ್ಕೆ ಹಾಳೆಯಲ್ಲಿ ಹೆಸರೇ ಬೇಡ. ದಿನದ ಕೊನೆಗೆ ಪ್ರತಿಯೊಬ್ಬರೂ ಎರಡು ವಿಷಯ ಬರೆಯಲಿ: ಮಾಮೂಲಿಗಿಂತ ಎಷ್ಟು ಗಂಟೆ ಜಾಸ್ತಿ ಆಯಿತು, ಯಾತಕ್ಕೆ ಆಯಿತು. ಗಂಟೆಯಷ್ಟೇ ಮುಖ್ಯ ಆ 'ಯಾತಕ್ಕೆ'. 'ಬಿಲ್ಡ್ ಕೆಟ್ಟಿತ್ತು', 'ರಾತ್ರಿ ಕಾಲ್', 'ಸ್ಟೋರಿ ಮಧ್ಯದಲ್ಲಿ ಬದಲಾಯಿತು', 'ಟೆಸ್ಟ್ ಸರ್ವರ್ ಸಿಗಲಿಲ್ಲ', ಇಷ್ಟು ಸಾಕು.

ರೆಟ್ರೋದಲ್ಲಿ (ಸ್ಪ್ರಿಂಟ್ ಹೇಗೆ ನಡೆಯಿತು ಅಂತ ಕೊನೆಗೆ ತಂಡ ಕೂತು ನೋಡುವ ಸಭೆಯಲ್ಲಿ) ಕಾರಣಗಳ ಪ್ರಕಾರ ಕೂಡಿಸಿ. ಎರಡು ಮೂರು ಸ್ಪ್ರಿಂಟ್ ಆಗುವಷ್ಟರಲ್ಲಿ ಒಂದು ಕಾರಣ ಎದ್ದು ಕಾಣುತ್ತದೆ. ಟೆಸ್ಟ್ ಸರ್ವರ್‌ಗೆ ಕಾದು 60 ಗಂಟೆ ಹೋಗಿದೆ ಅಂತ ಗೊತ್ತಾದರೆ ಇನ್ನೊಂದು ಸರ್ವರ್ ಕೊಡಿಸಿ ಅಂತ ಕೇಳುವುದು ಸುಲಭ. ಹೊರಗೆ ಹೋಗಬೇಕಾದ್ದು ತಂಡದ ಒಟ್ಟು ಗಂಟೆ ಮತ್ತು ಮೊದಲ ಎರಡು ಕಾರಣ ಮಾತ್ರ. ಒಟ್ಟು ಮೊತ್ತವನ್ನು ವೆಲಾಸಿಟಿ ಪಕ್ಕ ಬರೆದಿಡಿ, ದಿನದಿನದ ಹಾಳೆಯನ್ನು ರೆಟ್ರೋ ಮುಗಿದ ಕೂಡಲೇ ಅಳಿಸಿ. ಎರಡು ಪಟ್ಟು ಕೂಲಿಗೋ ಕಾಂಪ್ ಆಫ್‌ಗೋ ಬೇಕಾಗುವ ಹೆಸರಿನ ದಾಖಲೆಯನ್ನು ಅವರವರೇ ಬೇರೆಯಾಗಿ, ತಮ್ಮ ಹತ್ತಿರ ಇಟ್ಟುಕೊಳ್ಳಲಿ.